ಕಾಲಿನ ಕಡೆಯ ಹಲಗೆ

ತೊಟ್ಟಿಲಿನಲ್ಲಿ ಫಾರಾಳ ತಲೆ ಹಿಡಿಸಿತು, ಬೆನ್ನು ಹಿಡಿಸಿತು. ಮೊಣಕಾಲಿನಿಂದ ಕೆಳಗೆ ಹಿಡಿಸಲಿಲ್ಲ. ಮಡಿಸಿದರೆ ಮಂಡಿ ಮೇಲೆದ್ದು ಗಲ್ಲಕ್ಕೆ ತಾಗುತ್ತಿತ್ತು. ಐದು ವರ್ಷದ ಹುಡುಗಿಯನ್ನು ತೊಟ್ಟಿಲಿಗೆ ಹಾಕಲು ಹೊರಟರೆ ಇನ್ನೇನಾಗುತ್ತದೆ ಎಂಬ ಮುಖ ಹೊತ್ತು, ಕಾಲಿನ ಕಡೆಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು ಚಿಕ್ಕಬೀರಯ್ಯನವರು.

"ನಾನೇನ್ ಬ್ಯಾಡ ಅಂದ್ನ ಶಿವಮ್ಮ?" ಎಂದರು. "ತೊಟ್ಲೇ ಬ್ಯಾಡ ಅಂತದ. ನಾನೇನ್ ಮಾಡ್ಲಿ?"

ಶಿವಮ್ಮನ ಮಗ ಕುಮಾರಸ್ವಾಮಿ ರೇಷ್ಮೆ ಹುಳು ಸಾಕುವುದನ್ನು ಕಲಿಸಲು ಹೆಂಡತಿ ತೇಜಸ್ವಿನಿಯ ಜೊತೆ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪಕ್ಕೆ ಹೋದವನು, ಕೋರ್ಟು ಕಚೇರಿ ಎಲ್ಲ ಅಲೆದು, ಅಲ್ಲಿನ ಅನಾಥಾಲಯದಿಂದ ಈ ಮಗಳನ್ನು ದತ್ತು ಪಡೆದು ಊರಿಗೆ ಮರಳಿದ್ದ. ಫಾರಿನ್ ಕೂಸು ಬಂದಿದೆಯೆಂದು ಹರದನಹಳ್ಳಿಯ ಅರ್ಧ ಊರೇ ನೋಡಲು ಬಂದು, ಬೆಳ್ಳಗಿನ ಗೊಂಬೆಯ ಬದಲು ತಮ್ಮದೇ ಬಣ್ಣದ ಹುಡುಗಿಯನ್ನು ಕಂಡು, ಮೋಸಹೋದವರಂತೆ ಕಾಫಿ ಕುಡಿದು ಎದ್ದುಹೋಗಿತ್ತು.

ಊರಿನ ಮಾತು ಶಿವಮ್ಮನಿಗೆ ದೊಡ್ಡದಾಗಿರಲಿಲ್ಲ. ತೊಟ್ಟಿಲು ದೊಡ್ಡದು. ಅವರ ಮನೆತನಕ್ಕೆಲ್ಲ ಇರುವುದು ಅದೊಂದೇ. ಅದರಲ್ಲಿ ಮಲಗಿಸಿ, ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿದರೆ ಆ ಕೂಸು ಮನೆಯದು. ಇಲ್ಲದಿದ್ದರೆ ಬಂದುಹೋಗುವ ನೆಂಟರ ಪೈಕಿ. ತೊಟ್ಟಿಲು ಇರುವುದು ಹರವೆಯಲ್ಲಿ, ಅವಳ ಗಂಡನ ಅಣ್ಣ ಚಿಕ್ಕಬೀರಯ್ಯನವರ ಅಟ್ಟದ ಮೇಲೆ. ತೇಜಸ್ವಿನಿಯ ಮದುವೆಯಾದ ಮರುವರ್ಷದಿಂದ ಪ್ರತಿ ಯುಗಾದಿಗೂ ಅವರು ಒಬ್ಬಟ್ಟು ಮುರಿಯುತ್ತಾ, ನಾಲ್ಕು ಜನರೆದುರು, ತೊಟ್ಟಿಲು ಇಳಿಸಲೇ ಎಂದು ಕೇಳುತ್ತಿದ್ದರು. ಸೊಸೆ ಎಲೆ ಬಿಟ್ಟು ಎದ್ದು ಒಳಗೆ ಹೋಗುತ್ತಿದ್ದಳು. ಈ ಸಲ ಇಳಿಸಿ ಎಂದು ಶಿವಮ್ಮನೇ ಹೇಳಿಕಳಿಸಿದಾಗ ಅವರು ಒಂದು ಮಾತೂ ಎದುರಾಡದೆ, ಧೂಳು ಒರೆಸಿ, ಟೆಂಪೋದಲ್ಲಿ ಹಾಕಿಸಿ ಕಳಿಸಿದ್ದರು. ಅಷ್ಟು ಸಲೀಸಾಗಿ ಯಾಕೆ ಕೊಟ್ಟರೆಂಬುದು ಶಿವಮ್ಮನಿಗೆ ಈಗ ತಿಳಿಯಿತು.

ಬೇಕಾದರೆ ಹಳೇ ಸೀರೆಯಲ್ಲಿ ಒಂದು ಜೋಲಿ ಕಟ್ಟಿ ತೂಗಿಕೊಳ್ಳಿ, ಪಾಪ, ಮನಸ್ಸಿಗೊಂದು ಸಮಾಧಾನ ಎಂದು ಚಿಕ್ಕಬೀರಯ್ಯನವರು ದಾರಿಯನ್ನೂ ತೋರಿಸಿದರು. ತೇಜಸ್ವಿನಿ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಇದೆಲ್ಲ ಬೇಡ, ಗುಂಡ್ಲುಪೇಟೆಯ ತವರಿನಲ್ಲಿ ಒಂದು ಕೇಕು ಕತ್ತರಿಸಿ ಮುಗಿಸೋಣ ಎಂದಳು. ಅವಳ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಮಡಿಸಿದ ಮಂಡಿಗಳ ನಡುವಿನಿಂದ ಫಾರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಹೊಸದಾಗಿ ಕಲಿತ ಕನ್ನಡದಲ್ಲಿ ಕೇಳಿದಳು:

"ಅಜ್ಜಿ, ನಾನು ಇಳೀಲಾ?"

ಅಷ್ಟೊಂದು ಮರ್ಯಾದೆಯನ್ನು ಆ ಮನೆಯಲ್ಲಿ ಹುಟ್ಟಿದ ಯಾವ ಕೂಸೂ ತೋರಿಸಿರಲಿಲ್ಲ. ಶಿವಮ್ಮನಿಗೆ ಅದನ್ನೇ ತಡೆಯಲಾಗಲಿಲ್ಲ. "ಇಳಿ ಕಣಮ್ಮಿ. ದೂರ ಓಗ್ಬ್ಯಾಡ" ಎಂದವಳು ಹಿತ್ತಲಿಗೆ ನಡೆದಳು. ಜೋಲಿಗೆ ಸೀರೆ ತರಲು ಹೋದಳೆಂದೇ ಎಲ್ಲರೂ ತಿಳಿದರು. ಅವಳು ತಂದದ್ದು ಹಿಪ್ಪುನೇರಳೆ ಮರ ಸವರುವ ಗರಗಸ.

"ಲೋ, ಆ ಕಾಲ್ ಕಡೆ ಹಲ್ಗೆ ಹಿಡ್ಕೊ" ಎಂದಳು ಮಗನಿಗೆ. ಸಮುದ್ರ ದಾಟಿ ಪಾಠ ಹೇಳಿಬಂದಿದ್ದ ಕುಮಾರಸ್ವಾಮಿ ದೊಡ್ಡಪ್ಪನ ಮುಖ ನೋಡಿದ. ಕೈ ಪ್ಯಾಂಟಿನ ಜೇಬಿನಲ್ಲೇ ಉಳಿಯಿತು. ತೇಜಸ್ವಿನಿ ಬಂದು ಹಿಡಿದಳು. ಗಟ್ಟಿಯಾಗಿ ಹಿಡಿದಳು.

ಚಿಕ್ಕಬೀರಯ್ಯನವರು ಕುರ್ಚಿಯಿಂದ ಎದ್ದರು. "ನಮ್ ತಾತ್ನ ಕಾಲುದ್ ತೊಟ್ಲು ಕಣಮ್ಮಿ ಅದು. ಕಬ್ಣ ಮುಟ್ಟುಸ್ಬ್ಯಾಡ."

"ಅದು ಹುಟ್ಟಿದ್ದೂ ಗರ್ಗಸದಲ್ಲೇ ಅಲ್ವ ಬಾವ?" ಎಂದಳು ಶಿವಮ್ಮ, ತಲೆ ಎತ್ತದೆ.

ಹಳೇ ಬೀಟೆ ಮರ. ಬೇಗ ಬಗ್ಗಲಿಲ್ಲ. ಕಪ್ಪು ಪುಡಿ ಕೆಳಗೆ ಹರಡಿದ್ದ ಅಕ್ಕಿಯ ಮೇಲೆ, ಬೆಲ್ಲದ ಅಚ್ಚಿನ ಮೇಲೆ, ಚಿಕ್ಕಬೀರಯ್ಯನವರ ಬಿಳಿ ಪಂಚೆಯ ಅಂಚಿನ ಮೇಲೆ ಉದುರಿತು. ಅತ್ತೆಯ ಕೈ ಸೋತಾಗ ಸೊಸೆ ಗರಗಸ ತೆಗೆದುಕೊಂಡಳು. ಅಷ್ಟು ವರ್ಷದ ಯುಗಾದಿಗಳನ್ನೆಲ್ಲ ಒಟ್ಟಿಗೆ ಕೊಯ್ಯುವವಳ ಹಾಗೆ ಕೊಯ್ದಳು. ಹಲಗೆ ನೆಲಕ್ಕೆ ಬಿತ್ತು. ಸರಪಳಿ ಕಟ್ಟಿದ ಮೂಲೆಗಂಬಗಳು ಅಲುಗದೆ ನಿಂತಿದ್ದವು.

ಯಾರೂ ಹೇಳದೆ ಫಾರಾ ತಾನೇ ಹತ್ತಿ ಮಲಗಿದಳು. ಮೊದಲು ಅನುಮಾನದಿಂದ, ಆಮೇಲೆ ಪೂರ್ತಿಯಾಗಿ ಕಾಲು ನೀಡಿದಳು. ಹೊಸ ಗೆಜ್ಜೆಯ ಎರಡು ಪಾದಗಳು ತೊಟ್ಟಿಲಿನ ಆಚೆ ಬಂದು ನಿಂತವು. ಕುಮಾರಸ್ವಾಮಿಯ ತಂಗಿ ಬಿಂದುಶ್ರೀ ಬಗ್ಗಿ ಕಿವಿಯಲ್ಲಿ ಹೆಸರು ಕೂಗಿದಳು. ಹುಡುಕಿ ಇಡಬೇಕಾಗಿರಲಿಲ್ಲ, ಹುಡುಗಿ ಹೆಸರನ್ನು ಜೊತೆಗೇ ತಂದಿದ್ದಳು. ಕಿವಿಗೆ ಕಚಗುಳಿಯಾಗಿ ಫಾರಾ ನಕ್ಕಳು.

ಚಿಕ್ಕಬೀರಯ್ಯನವರು ಮತ್ತೆ ಕುಳಿತರು. ಅವರಲ್ಲಿ ಇನ್ನೂ ಒಂದು ಮಾತು ಉಳಿದಿತ್ತು. "ನಾಳ ನನ್ ಮೊಮ್ಮಗನ್ಗ ಕೂಸಾದ್ರ ಎಲ್ ಮನಗ್ಸೀವು? ಈ ಬಾಯ್ ಬುಟ್ಕಂಡಿರ ತೊಟ್ಲಲ್ಲಾ?"

"ಇದ್ರಲ್ಲೇ ಮನಗ್ಸಿ ಬಾವ. ಕಾಲ್ ಚಾಚಕ್ಕ ಜಾಗ ಮಾಡ್ಕೊಟ್ಟಿವ್ನಿ."

ಶಿವಮ್ಮ ತಲೆಯ ಕಡೆಗೆ ಹೋಗಿ ನಿಂತು ತೊಟ್ಟಿಲು ತೂಗಿದಳು. ಗೆಜ್ಜೆಯ ಎರಡು ಪಾದಗಳು ಘಲ್ಲೆಂದು ಚಿಕ್ಕಬೀರಯ್ಯನವರ ಮೂಗಿನವರೆಗೂ ಬಂದು ಹಿಂದಕ್ಕೆ ಹೋದವು. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಅವಳು ಇನ್ನೂ ಸ್ವಲ್ಪ ಜೋರಾಗಿ ತೂಗಿದಳು.