ಕಾಯಿ ಕಟ್ಟದ ಗಿಡ

ಗುದ್ದಲಿ ಹಿಡಿದು ಹೊಲಕ್ಕಿಳಿದ ಮೈಲಾರಪ್ಪನಿಗೆ ಗಿಡದ ಮುಂದೆ ನಿಂತಾಗ ಕೈ ಏಳಲಿಲ್ಲ. ಧಾರವಾಡದ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಅವನು ಸಹಾಯಕ. ಜವಾರಿ ಹತ್ತಿಯ ಹೂವಿಗೆ ಅಮೆರಿಕದ ಕಾಡುಹತ್ತಿಯ ಪರಾಗ ಮುಟ್ಟಿಸಿ ಅವನೇ ಹುಟ್ಟಿಸಿದ ಗಿಡ ಅದು. ತಂದೆ ತಾಯಿ ಇಬ್ಬರನ್ನೂ ಮೀರಿ ಬೆಳೆದಿತ್ತು, ಮೈತುಂಬ ಹೂ. ಆದರೆ ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನೆಟ್ಟದ್ದು, ಅರವತ್ತೊಂದು ಬಂದರೂ ಒಂದೂ ಕಾಯಿ ಕಟ್ಟಿರಲಿಲ್ಲ.

"ಬಂಜಿ ಗಿಡಕ್ಕ ಎಷ್ಟಂತ ನೀರ ಹಾಕ್ತೀರಿ? ಕಿತ್ತ ಒಗೀರಿ," ಎಂದಿದ್ದರು ಮೇಲಧಿಕಾರಿ ಗುರುಶಿದ್ದಪ್ಪನವರು.

ಹಿಂದಿನ ದಿನ ಊರಿಂದ ಬಂದಿದ್ದ ತಾಯಿ ಗುಡ್ಡವ್ವ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಪ್ರಾಯವೆಲ್ಲ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿದವಳು.

"ಇಷ್ಟ ಹೂವ ಬಿಟ್ಟೈತಿ. ಕೀಳಾಕ ಮನಸರ ಹೆಂಗ ಬರತೈತೋ ನಿನಗ?"

"ಬರೇ ಹೂವ ಬೇ. ಅವ್ವಂದೊಂದ ಜಾತಿ, ಅಪ್ಪಂದೊಂದ ಜಾತಿ. ಜೀವಕಣದ ಒಳಗಿನ ಎಳಿಗೆ, ವರ್ಣತಂತು ಅಂತಾರ, ಜೋಡಿ ಸಿಗವಲ್ದು, ಅದಕ್ಕ ಬೀಜ ಕೂಡವಲ್ದು."

"ಔಷಧ ಹಾಕಿ ನೋಡಬೇಕಿತ್ತು."

"ಎಳಿ ಎರಡೆರಡ ಮಾಡೋ ಔಷಧಾನ ಮಳಿಗಾಲದಾಗ ಕುಡಿಗೆಲ್ಲಾ ಹಾಕಿದ್ನಿ. ಸುಟ್ಟಹೋದುವು. ಬಾ ಇಲ್ಲೆ, ತೋರಸ್ತೇನಿ."

ಕುಡಿ ಸುಟ್ಟ ಮೇಲೆ ಆ ಕಡೆ ನೋಡುವುದನ್ನೇ ಅವನು ಬಿಟ್ಟಿದ್ದ. ಈಗ ಬಗ್ಗಿ ಕೊಂಬೆ ಸರಿಸಿದರೆ, ಸುಟ್ಟ ಕುಡಿಯ ಬುಡದಿಂದ ಒಂದು ಟೊಂಗೆ ಚಿಗುರಿತ್ತು. ಎಲೆ ದಪ್ಪ, ಬಣ್ಣ ಕಡುಹಸಿರು. ಅದರ ಮರೆಯಲ್ಲಿ ಒಂದು ಕಾಯಿ, ಒಡೆದು ಬಾಯಿ ಬಿಟ್ಟಿತ್ತು.

ಗುದ್ದಲಿ ಕೆಳಗೆ ಬಿತ್ತು. ಬೀಜ ಬಿಡಿಸಿ ಉಗುರಿನಿಂದ ಒತ್ತಿದ. ಜೊಳ್ಳಲ್ಲ, ಗಟ್ಟಿ ಕಾಳು.

"ಯವ್ವಾ, ಔಷಧ ಹಿಡದೈತಿ! ಎಳಿ ಎಲ್ಲಾ ಎರಡೆರಡ ಆಗ್ಯಾವು, ಒಂದೊಂದಕ್ಕೂ ಜೋಡಿ ಸಿಕ್ಕೈತಿ!"

"ಹಂಗಾರ ಇದು ಯಾರ ಜಾತಿ? ಅವ್ವಂದೋ, ಅಪ್ಪಂದೋ?"

"ಯಾರದೂ ಅಲ್ಲ. ಇನ್ನ ಅವರ ಕೂಡ ಇದರ ಸಂಬಂಧ ಕೂಡಂಗಿಲ್ಲ. ತನ್ನ ಬೀಜದಾಗಿಂದ ತಾನ ಬೆಳೀಬೇಕು." ಅವನು ಉಳಿದ ಬೀಜಗಳನ್ನೂ ಬಿಡಿಸಿ ಅಂಗೈಗೆ ಹಾಕಿಕೊಂಡ. "ಇಂಥಾ ಹತ್ತಿ ಭೂಮಿ ಮ್ಯಾಲೆ ಇರಲೇ ಇಲ್ಲ ಬೇ. ಇದು ಹೊಸಾ ಜಾತಿ."

ಗುಡ್ಡವ್ವ ಮಕ್ಕಳು ಹುಟ್ಟುವುದನ್ನು ನೋಡಿದ್ದಳು, ಕರು ಹುಟ್ಟುವುದನ್ನು ನೋಡಿದ್ದಳು. ಜಾತಿಗಳು ಮಾತ್ರ ಮೊದಲಿನಿಂದಲೂ ಇದ್ದವು, ಕೊನೆಯವರೆಗೂ ಇರುತ್ತವೆ ಎಂದೇ ನಂಬಿದ್ದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ಸುತ್ತ ನೋಡಿದಳು. ಕಣ್ಣು ಹಾಯುವವರೆಗೂ ಕಪ್ಪು ಎರಿ ಹೊಲ, ಎಲ್ಲವೂ ಬೇರೆ ಜಾತಿಯ ಹತ್ತಿ.

ಗಾಳಿ ಬೀಸಿತು. ಮೈಲಾರಪ್ಪ ಬೀಜಗಳನ್ನು ಬಿಗಿಯಾಗಿ ಮುಚ್ಚಿಕೊಂಡ. ಗುಡ್ಡವ್ವ ತನ್ನೆರಡೂ ಕೈಗಳನ್ನು ಅವನ ಮುಷ್ಟಿಯ ಕೆಳಗೆ ಒಡ್ಡಿದಳು.

"ಹಗೂರಕ ಹಿಡಿಯೋ ತಮ್ಮಾ. ಇಡೀ ಕುಲಾನ ಅದರಾಗೈತಿ."