ಬ್ಯಾಂಕಿನ ಉತ್ತರ

ಪೈಪ್ ಕಾರ್ಖಾನೆಯ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಆಡಿಟರಿಗೆ ಬ್ಯಾಂಕೇ ಹೇಳಬೇಕಿತ್ತು. ಮೊದಲೆಲ್ಲ ಆ ಪತ್ರವನ್ನು ಕಾರ್ಖಾನೆಯ ಅಕೌಂಟೆಂಟ್ ತಿಪ್ಪೇಸ್ವಾಮಿಯೇ ಹೋಗಿ ತಂದುಕೊಡುತ್ತಿದ್ದರು. ಹೊಸ ಆಡಿಟರ್ ಶರ್ವಾಣಿ ಅದನ್ನು ನಿಲ್ಲಿಸಿದರು.

"ಈ ಸಲ ಪೋರ್ಟಲ್‌ನಲ್ಲಿ ಕೇಳಿದ್ದೀನಿ. ಬ್ಯಾಂಕಿನವರು ನೇರ ನನಗೇ ಉತ್ತರ ಕೊಡ್ತಾರೆ. ಮಧ್ಯ ಕಾರ್ಖಾನೆಯವರ ಕೈ ಇರಬಾರದು. ತಪ್ಪು ತಿಳೀಬೇಡಿ."

"ಅಯ್ಯೋ, ಬಿಸಿಲಲ್ಲಿ ಓಡಾಡೋದು ತಪ್ಪಿತು ಬಿಡಿ ಮೇಡಂ," ಎಂದರು ತಿಪ್ಪೇಸ್ವಾಮಿ.

ವರದಿಗೆ ಸಹಿ ಹಾಕಲು ಅಂದೇ ಕೊನೆಯ ದಿನ. ತಪ್ಪಿದರೆ ಕಾರ್ಖಾನೆಗೆ ದಂಡ, ಶರ್ವಾಣಿಗೆ ಕೆಟ್ಟ ಹೆಸರು. ಸಂಜೆಯಾದರೂ ಉತ್ತರ ಬರಲಿಲ್ಲ. ಬೆಳಗ್ಗೆಯಿಂದ ತಿಪ್ಪೇಸ್ವಾಮಿಯ ಕೈಲಿ ಒಂದಾದ ಮೇಲೊಂದು ಫೈಲು ತರಿಸಿಕೊಳ್ಳುತ್ತಿದ್ದ ಅವರು, ತಾಳ್ಮೆಗೆಟ್ಟು ಬ್ಯಾಂಕ್ ಮ್ಯಾನೇಜರಿಗೆ ಫೋನ್ ಮಾಡಿದರು.

"ಆ ಪೋರ್ಟಲ್ಲು ನಮಗೆಲ್ಲಿ ಬರುತ್ತೆ ಮೇಡಂ? ಅದನ್ನ ನೋಡ್ಕೊಳ್ಳೋಕೆ ಅಂತ ಹೊರಗಿನವರು ಒಬ್ಬರಿದ್ದಾರೆ. ಪಾಸ್‌ವರ್ಡೂ ಅವರ ಹತ್ರಾನೇ ಇರೋದು. ತುಂಬಾ ಚುರುಕು, ಇವತ್ತು ಯಾಕೋ ಫೋನೇ ಎತ್ತುತ್ತಾ ಇಲ್ಲ."

"ನಂಬರ್ ಕೊಡಿ, ನಾನೇ ವಿಚಾರಿಸ್ತೀನಿ."

ಮ್ಯಾನೇಜರ್ ಹೇಳಿದ ನಂಬರಿಗೆ ಶರ್ವಾಣಿ ಫೋನ್ ಹಚ್ಚಿದರು. ಎದುರಿನ ಮೇಜಿನ ಮೇಲೆ, ಫೈಲುಗಳ ರಾಶಿಯ ಅಡಿಯಲ್ಲಿ, ರಿಂಗಾಯಿತು.

ತಿಪ್ಪೇಸ್ವಾಮಿ ತಲೆ ಎತ್ತಿದರು.

"ನೀವು ಒಂದು ಹತ್ತು ನಿಮಿಷ ಫೈಲು ಕೇಳದೆ ಸುಮ್ಮನಿದ್ದರೆ ತಾನೇ ಮೇಡಂ, ಬ್ಯಾಂಕಿನವರು ಉತ್ತರ ಕೊಡೋದು?"