ಹೊಗೆ ವಾಸನೆ ಇಲ್ಲದ ಊರು

ಕೊರೊನಾ ಲಾಕ್‌ಡೌನ್ ಆದ್ದರಿಂದ ಅಧಿಕಾರಿಯೊಬ್ಬರು ಕಚೇರಿಯಲ್ಲೇ ಕೂತು, ಒಂದು ಊರಿನಲ್ಲಿ ಉಚಿತ ಗ್ಯಾಸ್ ಪಡೆದ ಮನೆಗಳ ಸಮೀಕ್ಷೆಯನ್ನು ಫೋನಿನಲ್ಲೇ ಮುಗಿಸುತ್ತಿದ್ದರು. ಮೊದಲ ಹದಿನೆಂಟು ಮನೆಗಳೂ ‘ಹೊಗೆ ವಾಸನೆ ಇಲ್ಲ’ ಎಂಬ ಒಂದೇ ಉತ್ತರ ಕೊಟ್ಟಿದ್ದವು. ಹತ್ತೊಂಬತ್ತನೆಯದು ಸಣ್ಣೀರಮ್ಮನ ಮನೆ.

“ಅಡುಗೆ ಮನೇಲಿ ಈಗ ಹೊಗೆ ವಾಸನೆ ಬರುತ್ತೇನಮ್ಮ?”

“ಚೂರೂ ಇಲ್ಲ ಸ್ವಾಮಿ.”

“ಮನೆಯವರೆಲ್ಲ ಏನಂತಾರೆ?”

“ನಮ್ಮತ್ತೆಗೂ ಬರಲ್ಲ, ಯಜಮಾನ್ರಿಗೂ ಬರಲ್ಲ.”

ಅಧಿಕಾರಿ ಹಿಗ್ಗಿಹೋದರು. ‘ಊರಿಗೆ ಊರೇ ಸೌದೆ ಒಲೆ ಬಿಟ್ಟಿದೆ, ಪ್ರಶಸ್ತಿಗೆ ಶಿಫಾರಸು ಮಾಡಲಾಗಿದೆ’ ಎಂದು ಬರೆದು, ಅಲ್ಲಿಯವರೆಗೆ ಯಾರನ್ನೂ ಕೇಳದೆ ಬಿಟ್ಟಿದ್ದ ಕೊನೆಯ ಪ್ರಶ್ನೆ ಕೇಳಿದರು.

“ಈ ಬದಲಾವಣೆ ಯಾವಾಗಿನಿಂದಮ್ಮ?”

“ಹೋದ ತಿಂಗಳು ಊರಿಗೆಲ್ಲ ಜ್ವರ ಬಂತಲ್ಲ, ಆವತ್ತಿಂದ ಸ್ವಾಮಿ. ಈಗ್ಲೂ ಸೌದೆ ಒಲೆನೇ ಊದ್ತಾ ಕೂತಿದೀನಿ, ಸಾರು ಸೀದ್ರೂ ಮೂಗಿಗೆ ಗೊತ್ತಾಗಲ್ಲ.”